ಗಡಿ ದಾಟುವ ಕೂಸಿಗೆ ಗುರುವಾರ ತಪ್ಪದಿರಲಿ

ಕೊಳೆರೋಗಕ್ಕೆ ಮದ್ದು ಹೊಡೆಯುವ ವಿಷಯದಲ್ಲಿ ಅಡಿಕೆ ಬೆಳೆಗಾರರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮೊದಲೇ ಒಂದು ಸಲ, 40-45 ದಿನ ಕಳೆದು ಇನ್ನೊಂದು ಸಲ ಬೋರ್ಡೋ ದ್ರಾವಣ ಗೊನೆಗಳಿಗೆ ತಾಗಲೇಬೇಕು. ಎರಡನೆಯದು ತಪ್ಪಿದರೆ ಉದುರಿದ ಕಾಯಿ ಹೆಕ್ಕುವ ಕೆಲಸವೊಂದೇ ಉಳಿಯುತ್ತದೆ. ಪಕ್ಕದ ತೋಟದವರು ಹೊಡೆಯದಿದ್ದರೆ ಬೇಲಿ ನಮ್ಮನ್ನು ಕಾಯುವುದಿಲ್ಲ. ಇಷ್ಟೆಲ್ಲ ಬಲ್ಲ ನಾವು, ನಮ್ಮ ತೋಟದಲ್ಲಿ ದುಡಿಯುವವರ ಮಕ್ಕಳ ಚುಚ್ಚುಮದ್ದಿನ ಮಾತು ಬಂದಾಗ ಮಾತ್ರ ಅದು ಸರ್ಕಾರದ ಕೆಲಸವೆಂದು ಸುಮ್ಮನಿದ್ದೇವೆ.

ಹಟ್ಟಿಕೇರಿಯಿಂದ ಹೆದ್ದಾರಿ ಹಿಡಿದು ಕಾರವಾರ, ಕಾಳಿ ನದಿ, ಸದಾಶಿವಗಡ ದಾಟಿದರೆ ಮಾಜಾಳಿ. ಅದರಾಚೆ ಗೋವೆಯ ಕಾಣಕೋಣ ತಾಲ್ಲೂಕು. ನಮ್ಮ ಕಡೆಯ ಎಷ್ಟೋ ಕುಟುಂಬಗಳು ಕೆಲವು ತಿಂಗಳು ಆಚೆ ದುಡಿದು, ಕೊಯ್ಲಿನ ಹೊತ್ತಿಗೆ ಈಚೆ ಬರುತ್ತವೆ. ಕೂಸು ಹುಟ್ಟುವುದು ಅಲ್ಲಿ, ಮೊದಲ ಚುಚ್ಚುಮದ್ದೂ ಅಲ್ಲಿಯೇ. ಮುಂದಿನದು ಎಲ್ಲಿಯೂ ಇಲ್ಲ. ಆಚೆಯವರು ಊರಿಗೆ ಹೋದರೆಂದು ಬಿಡುತ್ತಾರೆ. ಈಚೆಯ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ದಾರಿ ಮುಚ್ಚಿದಾಗ ಗಡಿಯೆಂದರೇನೆಂದು ಎಲ್ಲರಿಗೂ ತಿಳಿಯಿತು. ಈ ಕೂಸುಗಳಿಗೆ ದಾರಿ ತೆರೆದಿರುವಾಗಲೂ ಗಡಿ ಉಂಟು.

ತಪ್ಪು ನಮ್ಮದೂ ಇದೆ. ಕಳೆದ ಕೊಯ್ಲಿನಲ್ಲಿ ಅಡಿಕೆ ಸುಲಿಯಲು ಬಂದ ತಾಯಿಯೊಬ್ಬಳು, ಹತ್ತು ತಿಂಗಳ ಕೂಸಿಗೆ ದಡಾರದ ಚುಚ್ಚುಮದ್ದು ಹಾಕಿಸಬೇಕು, ಗುರುವಾರ ಅರ್ಧ ದಿನ ಬಿಡಿ ಎಂದು ಕೇಳಿದಳು. ಸುಲಿಯದೆ ಬಿದ್ದ ಹಸಿ ಅಡಿಕೆಯ ರಾಶಿ ಕಂಡು, ಮುಂದಿನ ವಾರ ನೋಡೋಣ ಎಂದೆವು. ಮುಂದಿನ ವಾರವೂ ಅದೇ ಮಾತು. ಮೂರನೆಯ ಗುರುವಾರಕ್ಕೆ ಆ ಕುಟುಂಬ ಗೋವೆಗೆ ಹೊರಟುಹೋಗಿತ್ತು. ಅಡಿಕೆ ಕೆಡಲಿಲ್ಲ. ಕೂಸಿನ ಮಾತು ಮಾತ್ರ ಈಗಲೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ದಡಾರ ಗಾಳಿಯಲ್ಲೇ ಹಬ್ಬುವ ರೋಗ. ನೂರರಲ್ಲಿ 95 ಮಕ್ಕಳಿಗಾದರೂ ಎರಡೂ ಸಲದ ಮದ್ದು ಬಿದ್ದಿದ್ದರೆ ಮಾತ್ರ ಅದಕ್ಕೆ ತಡೆ. 2022ರಲ್ಲಿ ಮುಂಬಯಿಯಂಥ ಶಹರದಲ್ಲಿಯೇ ದಡಾರ ಎದ್ದು ಮಕ್ಕಳು ಸತ್ತರು. ಕೂಲಿಯವರ ಬಿಡಾರದಲ್ಲಿ ಎದ್ದ ರೋಗ ಒಡೆಯನ ಮನೆಯ ತೊಟ್ಟಿಲನ್ನು ಬಿಟ್ಟು ಹೋಗುವುದಿಲ್ಲ.

ಕೆಲವು ಸಂಗತಿಗಳನ್ನು ಎಲ್ಲರೂ ತಿಳಿದಿರಬೇಕು. ದೇಶದಲ್ಲಿ 1985ರಿಂದ ನಡೆದಿರುವ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಮದ್ದು ಪೂರ್ಣ ಉಚಿತ. ರೇಷನ್ ಕಾರ್ಡು ಯಾವ ರಾಜ್ಯದ್ದೆಂಬುದು ಅಡ್ಡಿಯಲ್ಲ. ಎಲ್ಲಿ ಹುಟ್ಟಿದ ಕೂಸಿಗೂ ಇಲ್ಲಿಯ ಸರ್ಕಾರಿ ಕೇಂದ್ರದಲ್ಲಿ ಹಾಕಬೇಕು. ಹುಟ್ಟಿದಾಗ, 6, 10 ಮತ್ತು 14 ವಾರಕ್ಕೆ, 9 ತಿಂಗಳು ತುಂಬಿದ ಮೇಲೆ, 16ರಿಂದ 24 ತಿಂಗಳೊಳಗೆ, ಮತ್ತೆ 5-6 ವರ್ಷಕ್ಕೆ—ಇದು ಕ್ರಮ. ನಡುವೆ ಒಂದು ತಪ್ಪಿತೆಂದು ಮೊದಲಿನಿಂದ ಆರಂಭಿಸಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ದಡಾರ-ರುಬೆಲ್ಲಾ ಮದ್ದು ತಪ್ಪಿದ್ದರೆ 5 ವರ್ಷದವರೆಗೂ ಹಾಕುತ್ತಾರೆ. ಕಾರ್ಡು ಕಳೆದಿದೆಯೆಂದು ತಾಯಂದಿರು ಹೆದರಿ ಹಿಂದೆ ಸರಿಯಬಾರದು.

ಆದ್ದರಿಂದ ಸದಸ್ಯರೆಲ್ಲರಲ್ಲಿ ನಮ್ಮ ವಿನಂತಿ ಇಷ್ಟೇ. ಕೆಲಸಕ್ಕೆ ಬಂದ ಕುಟುಂಬದಲ್ಲಿ ಕೂಸಿದ್ದರೆ ಮೊದಲ ದಿನವೇ ತಾಯಿ ಕಾರ್ಡು ಕೇಳಿರಿ. ಊರಿನ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಸುದ್ದಿ ಮುಟ್ಟಿಸಿರಿ. ಲಸಿಕೆಯ ಗುರುವಾರ ತಾಯಿಗೆ ಅರ್ಧ ದಿನ ಬಿಡುವು ಕೊಡಿರಿ, ಕೂಲಿ ಮುರಿಯಬೇಡಿರಿ. ಕುಟುಂಬ ಹೊರಡುವಾಗ ಕಾರ್ಡು ಗಂಟಿನಲ್ಲಿದೆಯೇ ಎಂದು ವಿಚಾರಿಸಿರಿ. ಘಟ್ಟದ ಮೇಲೆ ಕಾಫಿ ಹಣ್ಣು ಬಿಡಿಸಲು ಬರುವವರ ಮಕ್ಕಳಿಗೂ ಇದೇ ಮಾತು.

ಮೈಲುತುತ್ತ ಕೊಳ್ಳುವಾಗ ಹಿಂದೆಮುಂದೆ ನೋಡದ ನಾವು ಅರ್ಧ ದಿನದ ಕೂಲಿಗೆ ಕೈ ಬಿಗಿಹಿಡಿಯುವುದು ಸಲ್ಲದು. ಈ ಕೊಯ್ಲಿನಲ್ಲಿ ನಮ್ಮ ಅಂಗಳದಿಂದ ಯಾವ ಕೂಸೂ ಮದ್ದಿಲ್ಲದೆ ಮಾಜಾಳಿ ದಾಟದಿರಲಿ.