ಡಬ್ಬಿಯ ಮುಂದಿನ ಅಂಕಿ, ಹಿಂದಿನ ಅಂಕಿ

ವಿಜಯನಗರದ ಮೊಬೈಲ್ ಅಂಗಡಿಯಲ್ಲಾಗಲಿ, ರಾಜಾಜಿನಗರದಲ್ಲಾಗಲಿ, ಪವರ್ ಬ್ಯಾಂಕ್ ಕೊಳ್ಳುವವರು ಮೊದಲು ಕೇಳುವುದು ಎಂಎಎಚ್ ಎಷ್ಟು ಅಂತ. ಆ ಸಂಖ್ಯೆ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಡಬ್ಬಿಯ ಮುಂದಿನ 20,000 ಎಂಎಎಚ್ ಎನ್ನುವುದು ಒಳಗಿನ ಸೆಲ್‌ಗಳ 3.7 ವೋಲ್ಟ್ ಲೆಕ್ಕ, ಅಂದರೆ 74 ವ್ಯಾಟ್-ಅವರ್. ಹೊರಗೆ ಬರುವ 5 ವೋಲ್ಟ್‌ನಲ್ಲಿ ಅದೇ 14,800 ಆಗುತ್ತದೆ. ಶಾಖವಾಗಿ ಸೋರಿದ್ದನ್ನು ಕಳೆದರೆ ಸುಮಾರು 12,000–13,000. ಈ ಅಂಕಿ ಡಬ್ಬಿಯ ಹಿಂದೆ 'ರೇಟೆಡ್ ಕೆಪಾಸಿಟಿ' ಎಂಬ ಹೆಸರಲ್ಲಿ, ಭೂತಗನ್ನಡಿ ಬೇಡುವಷ್ಟು ಸಣ್ಣಕ್ಷರದಲ್ಲಿರುತ್ತದೆ. ಅದನ್ನು ಮುಂದೆ, ದಪ್ಪಕ್ಷರದಲ್ಲೇ ಅಚ್ಚು ಹಾಕಬೇಕೆಂಬ ನಿಯಮ ಬರಬೇಕು.

ಎಲ್ಲ ಕಂಪನಿಗಳೂ ಹೀಗೇ ಬರೆಯುವಾಗ ಹೋಲಿಕೆಗೇನು ತೊಂದರೆ ಎನ್ನಬಹುದು. ಎಲ್ಲರೂ ಪ್ರಾಮಾಣಿಕರಾಗಿದ್ದರೆ ಸರಿ. 3,000 ಎಂಎಎಚ್‌ನ ಒಂದು ದುಂಡು ಸೆಲ್ಲೇ ಸುಮಾರು 45 ಗ್ರಾಂ. ನಿಜವಾದ 50,000ಕ್ಕೆ ಅಂಥವು ಹದಿನೇಳು ಬೇಕು, ಸೆಲ್‌ಗಳದ್ದೇ ಮುಕ್ಕಾಲು ಕೆಜಿ. ಅಂಗೈಯಲ್ಲಿ ಹಗುರಾಗಿ ಕೂರುವ '50,000' ಏನೆಂದು ತಕ್ಕಡಿಯೇ ಹೇಳುತ್ತದೆ. ಬಿಐಎಸ್ ನೋಂದಣಿ ಕಡ್ಡಾಯವಿದೆಯಲ್ಲ ಎಂದರೆ, ಅದು ಮುಖ್ಯವಾಗಿ ಸುರಕ್ಷತೆಯ ಪರೀಕ್ಷೆ. ದಿನವಿಡೀ ಮ್ಯಾಪ್ ಹಾಕಿಕೊಂಡು ಓಡಾಡುವ ಡೆಲಿವರಿ ಹುಡುಗನಿಗೆ ಸಂಜೆಯ ಎರಡು ಆರ್ಡರ್ ತಪ್ಪಿಸುವುದು ಬೆಂಕಿಯಲ್ಲ, ಬರೀ ಮಾತಿನ ಎಂಎಎಚ್.