ಇಲ್ಲದ ಸಾಧನಕ್ಕಾಗಿ ಕಾಯುವುದೇಕೆ?

ಪ್ರೊಸೆಸರು ವೇಗಶಾಲಿ, ಅದರ ಜೊತೆಗಿದ್ದ ಹಳೆಯ ಸಾಧನಗಳು ಮಂದಗತಿಯವು. ಆದುದರಿಂದ ಒಂದು ಆಜ್ಞೆಗೂ ಮುಂದಿನದಕ್ಕೂ ನಡುವೆ, ಷೋಡಶಮಾನದ 80 ಎಂಬ ಪೋರ್ಟಿಗೆ ನಿರರ್ಥಕವಾದೊಂದು ಸಂಖ್ಯೆಯನ್ನು ಕಳುಹಿಸಿ, ಸುಮಾರು 1 ಮೈಕ್ರೊಸೆಕೆಂಡು ಕಾಲಹರಣ ಮಾಡುವ ಪದ್ಧತಿ ಲಿನಕ್ಸ್ ವ್ಯವಸ್ಥೆಯಲ್ಲುಂಟು.

ವರ್ಚುಯಲ್ ಯಂತ್ರದಲ್ಲಿ ಇದಕ್ಕೆ ಅರ್ಥವಿಲ್ಲವೆಂದು ನಾವು ಹೇಳುತ್ತೇವೆ. ಅಲ್ಲಿನ ಸಾಧನ ಬಹುಮಟ್ಟಿಗೆ ಬರಿಯ ತಂತ್ರಾಂಶ. ಅದಕ್ಕೆ ವಿಶ್ರಾಂತಿ ಬೇಡ. ಮೇಲಾಗಿ, ಇಂಥ ಪ್ರತಿಯೊಂದು ಕ್ರಿಯೆಗೂ ಅತಿಥಿ ವ್ಯವಸ್ಥೆಯನ್ನು ತಡೆದು ಆತಿಥೇಯ ತಂತ್ರಾಂಶವು ನಡುವೆ ಬರಬೇಕಾದೀತು. ಕೆವಿಎಂನ ಅತಿಥಿಯಾದ ಲಿನಕ್ಸ್ ಈ ವಿಳಂಬವನ್ನು ಕೈಬಿಡುವುದು ಯುಕ್ತವೇ ಸರಿ.

ಹಾಗೆಂದು ಎಲ್ಲ ವಿಳಂಬಗಳನ್ನೂ ಕಿತ್ತೊಗೆಯಬಹುದೆ? ಕೂಡದು. ನಿಜವಾದ ಸಾಧನವನ್ನೇ ಅತಿಥಿಗೆ ಒಪ್ಪಿಸಿದ್ದಲ್ಲಿ ಅದಕ್ಕೆ ತಕ್ಕ ಕಾಲಾವಕಾಶ ಕೊಡಲೇಬೇಕು. ಆದರೆ ಆ ಕಾಲವನ್ನು ಸುತ್ತುಗಳ ಎಣಿಕೆಯಿಂದ ಅಳೆಯುವುದು ಅಪಾಯಕರ. ಅಳತೆ ನಡೆದಿರುವಾಗಲೇ ಪ್ರೊಸೆಸರು ಬೇರೊಬ್ಬ ಅತಿಥಿಯ ಪಾಲಾದರೆ ಎಣಿಕೆ ಕಡಮೆಯಾಗುತ್ತದೆ. ಮುಂದಿನ ವಿಳಂಬಗಳೆಲ್ಲ ಮೊಟಕಾಗುತ್ತವೆ. ಸಾಧನ ಸಿದ್ಧವಾಗುವ ಮೊದಲೇ ಆಜ್ಞೆ ಬಂದು ಕೆಲಸ ಕೆಡುತ್ತದೆ.

ನಮ್ಮ ಅಭಿಪ್ರಾಯವಿಷ್ಟೆ: ಸಾಧನವಿಲ್ಲದೆಡೆ ಕಾಯಬಾರದು, ಇರುವೆಡೆ ಆತಿಥೇಯನು ಒದಗಿಸುವ ಗಡಿಯಾರವನ್ನು ನೋಡಿ ಕಾಯಬೇಕು. ನಾಳೆ ತಂತ್ರಾಂಶವನ್ನು ರಚಿಸಲಿರುವ ವಿದ್ಯಾರ್ಥಿಗಳು ಊಹೆಯನ್ನೇ ಗಡಿಯಾರವೆಂದು ನಂಬದಿರಲಿ.