ಉಟ್ಟ ಸೀರೆಯನ್ನು ಎಲ್ಲಿ ಮಾರಬೇಕು?

ಕಳೆದ ಸೆಮಿಸ್ಟರಿನ ಕೊನೆಯ ವಾರದಲ್ಲಿ ಐಚ್ಛಿಕ ಕನ್ನಡದ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಪಾಠ ಮುಗಿದ ಮೇಲೆ ನನ್ನ ಮೇಜಿನ ಬಳಿ ನಿಂತು ಮೊಬೈಲಿನಲ್ಲಿ ಎರಡು ಚಿತ್ರಗಳನ್ನು ತೋರಿಸಿದಳು. ಎರಡರಲ್ಲಿಯೂ ಇದ್ದುದು ಒಂದೇ ಸೀರೆ, ಅವಳ ಅಜ್ಜಿ ಉಟ್ಟ ಇಳಕಲ್ ಸೀರೆ. ಮೊದಲನೆಯದು ಅವಳೇ ಮಂಚದ ಮೇಲೆ ಹರವಿ ತೆಗೆದ ಚಿತ್ರ. ಅದರ ಕೆಳಗೆ ‘ಓಲ್ಡ್ ಸಾರಿ, ಗುಡ್ ಕಂಡೀಷನ್’ ಎಂಬ ಅರ್ಥದ ನಾಲ್ಕು ಇಂಗ್ಲಿಷ್ ಶಬ್ದಗಳು ಮತ್ತು 400 ರೂಪಾಯಿ ಎಂಬ ಬೆಲೆ. ಪರೀಕ್ಷಾ ಶುಲ್ಕಕ್ಕೆ ಹಣ ಸಾಲದೆ ಬಂದಾಗ ಆ ಬೆಲೆಗೇ ಮಾರಿದ್ದಳು. ಎರಡನೆಯದು ಮೂರು ವಾರಗಳ ನಂತರ ಇನ್‌ಸ್ಟಾಗ್ರಾಮಿನಲ್ಲಿ ಹಳೆಯ ಸೀರೆಗಳನ್ನು ಮಾರುವ ಪುಟವೊಂದರಲ್ಲಿ ಕಂಡದ್ದು. ಅಲ್ಲಿ ಬೆಲೆ 2,600. ಸೆರಗಿನ ಮೂಲೆಯ ಶಾಯಿಯ ಕಲೆಯಿಂದ ಅವಳು ಸೀರೆಯನ್ನು ಗುರುತಿಸಿದಳು. ಮಾರುವವಳು ಆ ಕಲೆಯನ್ನೂ ಮುಚ್ಚಿಟ್ಟಿರಲಿಲ್ಲ. ಕೈಮಗ್ಗದ್ದು, ಕೆಂಪು ರೇಷ್ಮೆಯ ಟೋಪ–ತೆನಿ ಸೆರಗು, ಗೋಮಿ ದಡಿ, ಒಬ್ಬ ಅಜ್ಜಿ ಹಬ್ಬಕ್ಕೆ ಮಾತ್ರ ಉಟ್ಟದ್ದು, ಸೆರಗಿನಲ್ಲಿ ಸಣ್ಣ ಕಲೆಯಿದೆ ಎಂದು ಬರೆದಿದ್ದಳು.

‘ಮ್ಯಾಡಮ್, ಆಕಿ ಬರದದ್ದರಾಗ ಒಂದೂ ಸುಳ್ಳಿಲ್ಲರಿ. ಅದನ್ನ ನಾನ ಯಾಕ ಬರೀಲಿಲ್ಲ?’ ಎಂದು ಹುಡುಗಿ ಕೇಳಿದಳು.

ಆ ದಿನ ನಾನು ಏನೋ ಸಮಾಧಾನ ಹೇಳಿ ಕಳುಹಿಸಿದೆ. ಅದು ಉತ್ತರವಾಗಿರಲಿಲ್ಲ. ವಿಭಾಗದ ಕೋಣೆಯಲ್ಲಿ ಈ ಸಂಗತಿಯನ್ನು ಹೇಳಿದಾಗ ಹಿರಿಯ ಸಹೋದ್ಯೋಗಿಯೊಬ್ಬರು, ಅಜ್ಜಿಯ ಸೀರೆಯನ್ನು ಮಾರಿದ್ದೇ ತಪ್ಪು ಎಂದರು. ಅವರ ಮಾತನ್ನು ನಾನು ಒಪ್ಪಲಾರೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಈ ಸೀಮೆಯ ಬಿಳಿಜೋಳದ ಮನೆಗಳಲ್ಲಿ ಮಳೆ ಕೈಕೊಟ್ಟ ವರ್ಷ ಟ್ರಂಕು ತೆರೆಯದೆ ಉಳಿದದ್ದು ಅಪರೂಪ. ಉಟ್ಟ ಬಟ್ಟೆಯನ್ನು ಮಾರುವುದು ಹೀನವೆಂಬ ಭಾವನೆ ನಮ್ಮಲ್ಲಿ ಇದೆ, ನಿಜ. ಆದರೆ ಅದೇ ಬಟ್ಟೆಯನ್ನು ಕೊಟ್ಟು ಸ್ಟೀಲಿನ ಪಾತೇಲಿ ಕೊಂಡದ್ದನ್ನು ಯಾರೂ ಮಾರಾಟವೆಂದು ಕರೆಯಲಿಲ್ಲ.

ಆ ಪಾತೇಲಿಯನ್ನು ತರುತ್ತಿದ್ದವಳು ಬೋಹಾರೀಣ. ಮರಾಠಿಯ ಈ ಶಬ್ದವನ್ನು ನಾವು ಕನ್ನಡ ಮಾತನಾಡುವ ಓಣಿಗಳಲ್ಲಿಯೂ ಹಾಗೆಯೇ ಬಳಸುತ್ತಿದ್ದೆವು. ತಲೆಯ ಮೇಲೆ ಬುಟ್ಟಿ, ಹೆಗಲಿಗೆ ಬಟ್ಟೆಯ ಗಂಟು. ಕಟ್ಟೆಯ ಮೇಲೆ ಕುಳಿತು ನಮ್ಮವ್ವ ಕೊಟ್ಟ ಸೀರೆಯನ್ನು ಬೆಳಕಿಗೆ ಹಿಡಿದು ನೋಡುವಳು, ದಡಿಯನ್ನು ಬೆರಳಲ್ಲಿ ತಿಕ್ಕುವಳು, ಮಡಿಕೆ ಸೀಳಿದೆಯೇ ಎಂದು ಎರಡೂ ಕೈಯಿಂದ ಎಳೆಯುವಳು. ‘ತಾಯೀ, ಇದು ಪಿಸಿದೈತಿ’ ಎಂದು ಅವಳೆಂದರೆ ‘ಎಲ್ಲಿ ಪಿಸಿದೈತಿ, ತೋರಸು’ ಎಂದು ಅವ್ವ. ಅರ್ಧ ತಾಸು ಈ ವಾದ ನಡೆದು ಕೊನೆಗೆ ಒಂದು ತಾಟು ಮನೆಗೆ ಬರುತ್ತಿತ್ತು. ನಿಜವಾದ ಜರಿಯ ಸೀರೆಯನ್ನು ಕೊಳ್ಳುವವರು ಬೇರೆಯೇ ಇದ್ದರು. ಅವರು ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಿದ್ದರು. ಉಡಲು ಬರುವುದನ್ನು ಬೋಹಾರೀಣ ಒಗೆದು ಸಂತೆಯಲ್ಲಿ ಮಾರುವಳು. ಬಾರದ್ದು ಚಿಂದಿಯಾಗಿ ಗ್ಯಾರೇಜು, ಮುದ್ರಣಾಲಯಗಳ ಕೈ ಒರೆಸಲು ಹೋಗುತ್ತಿತ್ತು. ಉಣ್ಣೆಯ ಹಳೆಯ ಬಟ್ಟೆಯಿಂದ ಮತ್ತೆ ನೂಲು ತೆಗೆದು ಕಂಬಳಿ ನೇಯುವ ದೊಡ್ಡ ಉದ್ಯಮವೇ ಹರಿಯಾಣದ ಪಾಣಿಪತದಲ್ಲಿದೆ. ಮನೆಯಲ್ಲಿಯೇ ಉಳಿದ ಮೆತ್ತನೆಯ ಹಳೆಯ ನೂಲಿನ ಬಟ್ಟೆ ಹುಟ್ಟಿದ ಕೂಸಿನ ಮೊದಲ ಹೊದಿಕೆಯಾಗುತ್ತಿತ್ತು, ಇಲ್ಲವೇ ಕೌದಿಯಾಗುತ್ತಿತ್ತು. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ ಐದಕ್ಕೆ ಮರಾಠಿ ಶಾಲೆಗೆ ಹೋದಾಗ ನನ್ನ ಕೌದಿ ಒಂದೇ ಬೇಸಿಗೆಯಲ್ಲಿ ಗೋಧಡಿಯಾಯಿತು. ಹೊದೆಯುವಾಗ ಮಾತ್ರ ಅದು ಕೌದಿಯಾಗಿಯೇ ಇತ್ತು.

ಬೋಹಾರೀಣಳ ವ್ಯಾಪಾರವನ್ನು ಇಷ್ಟು ಹೇಳಲು ಕಾರಣವಿದೆ. ಅವಳು ಕೊಟ್ಟ ಬೆಲೆ ಕಡಿಮೆಯೇ. ಆದರೆ ವಸ್ತುವನ್ನು ಮುಟ್ಟಿ ನೋಡಿ, ಅದರ ಹೆಸರು ಹಿಡಿದು ಎರಡು ಕಡೆಯವರೂ ವಾದಿಸುತ್ತಿದ್ದರು. ಇಂದಿನ ಅಂತರ್ಜಾಲದ ಪೇಟೆಗಳನ್ನು ಹೋಲಿಸುವಾಗ ನಾನು ಹಿಡಿಯುವ ಅಳತೆಗೋಲು ಇದೇ: ಮುಟ್ಟಿ ನೋಡಲು ಆಗದ ಕಡೆ ಆ ಕೆಲಸವನ್ನು ಯಾರು ಮಾಡುತ್ತಾರೆ, ಹಣ ಯಾರ ಕೈಯಲ್ಲಿ ನಿಲ್ಲುತ್ತದೆ?

ಮೊದಲ ಬಗೆಯವು ಹತ್ತಿರದವರನ್ನು ಕೂಡಿಸುವ ಪೇಟೆಗಳು. 2006ರಲ್ಲಿ ಆರಂಭವಾದ ಓಎಲ್‌ಎಕ್ಸ್, ಅದರ ಹಿಂದೆಯೇ ಬಂದ ಕ್ವಿಕರ್, 2016ರಲ್ಲಿ ಫೇಸ್‌ಬುಕ್ ತೆರೆದ ಮಾರ್ಕೆಟ್‌ಪ್ಲೇಸ್ ಈ ಜಾತಿಯವು. ಜಾಹೀರಾತು ಹಾಕಿದರೆ ಸುತ್ತಲಿನವರಿಗೆ ಕಾಣುತ್ತದೆ. ಕೊಳ್ಳುವವರು ಮನೆಗೆ ಬಂದು ನೋಡಿ, ಚೌಕಾಶಿ ಮಾಡಿ, ಹಣ ಕೊಟ್ಟು ಒಯ್ಯುತ್ತಾರೆ. ಸೈಕಲ್ಲು, ಕಪಾಟು, ಹೊಲಿಗೆ ಯಂತ್ರ, ಫ್ರಿಜ್ಜು ಇಂಥವುಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಬಟ್ಟೆಗೆ ಮಾತ್ರ ಇದು ಸರಿಹೋಗದು. ಇನ್ನೂರು ರೂಪಾಯಿಯ ಕುರ್ತಾ ನೋಡಲು ಯಾರು ಬಸ್ಸಿನ ಟಿಕೀಟು ತೆಗೆದು ಬರುತ್ತಾರೆ? ಭಾರತದ ಓಎಲ್‌ಎಕ್ಸ್ ವ್ಯವಹಾರವನ್ನು 2023ರಲ್ಲಿ ಕೊಂಡದ್ದು ಕಾರ್‌ಟ್ರೇಡ್ ಎಂಬ ವಾಹನ ಮಾರಾಟದ ಕಂಪನಿ ಎಂಬುದನ್ನು ನೆನೆದರೆ ಅಲ್ಲಿ ಸೀರೆಯ ಸ್ಥಾನ ಏನೆಂದು ಹೇಳಬೇಕಾಗಿಲ್ಲ.

ಇಂಥ ತಾಣವೊಂದರಲ್ಲಿ ನಾನೇ ಕಬ್ಬಿಣದ ಕಪಾಟು ಮಾರಲು ಹೋಗಿ ಹಣ ಕಳೆದುಕೊಳ್ಳುವ ಅಂಚಿಗೆ ಬಂದಿದ್ದೆ. ಫೋನು ಮಾಡಿದವನು ತಾನು ಸೈನಿಕ, ಬದಲಿಯಾಗಿ ಬರುತ್ತಿದ್ದೇನೆ, ಮುಂಗಡ ಕಳಿಸುತ್ತೇನೆ ಎಂದು ಮರ್ಯಾದೆಯ ಹಿಂದಿಯಲ್ಲಿ ಮಾತನಾಡಿ ಕ್ಯೂಆರ್ ಸಂಕೇತವೊಂದನ್ನು ಕಳಿಸಿದ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುತ್ತದಂತೆ! ಪಕ್ಕದ ಮನೆಯ ಹುಡುಗ ಮೊಬೈಲನ್ನು ಕಸಿದುಕೊಂಡ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ, ಪಿನ್ ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ ಎಂಬುದನ್ನು ಐವತ್ತು ದಾಟಿದ ಮೇಲೆ ನಾನು ಕಲಿತೆ. ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು.

ಎರಡನೆಯ ಬಗೆಯವು ದೂರದವರನ್ನು ಕೂಡಿಸುವ ಪೇಟೆಗಳು. 1995ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈಬೇ ಇವುಗಳ ಹಿರಿಯಣ್ಣ. ಅದು 2004ರಲ್ಲಿ ಬಾಜಿ ಎಂಬ ತಾಣವನ್ನು ಕೊಂಡು ಭಾರತಕ್ಕೆ ಬಂತು, ಇಲ್ಲಿಯ ಅದರ ತಾಣ 2018ರಲ್ಲಿ ಮುಚ್ಚಿತು. ಬಟ್ಟೆಗೆಂದೇ ಹುಟ್ಟಿದವು ಬೇರೆ. ಲಿಥುವೇನಿಯಾ ದೇಶದಲ್ಲಿ 2008ರಲ್ಲಿ ತರುಣಿಯೊಬ್ಬಳು ಮನೆ ಬದಲಿಸುವಾಗ ತನ್ನಲ್ಲಿ ಬಟ್ಟೆ ಬಹಳವಾಯಿತೆಂದು ಗೆಳೆಯನ ಕೂಡ ಆರಂಭಿಸಿದ ವಿಂಟೆಡ್ ಇಂದು ಯುರೋಪಿನಲ್ಲಿ ಹೆಸರಾಗಿದೆ. ಅಲ್ಲಿ ಮಾರುವವರಿಂದ ಕಮಿಷನ್ ತೆಗೆದುಕೊಳ್ಳುವುದಿಲ್ಲ, ಕೊಳ್ಳುವವರು ರಕ್ಷಣೆಯ ಶುಲ್ಕ ತೆರುತ್ತಾರೆ. ಅಮೆರಿಕದ ಪಾಶ್‌ಮಾರ್ಕ್ ಇದಕ್ಕೆ ತದ್ವಿರುದ್ಧ. ಅದು 15 ಡಾಲರ್‌ಗಿಂತ ಹೆಚ್ಚಿನ ಮಾರಾಟದಲ್ಲಿ ನೂರಕ್ಕೆ 20ರಷ್ಟನ್ನು ಮಾರುವವರಿಂದ ಮುರಿದುಕೊಂಡು, ಅಂಚೆಯ ಚೀಟಿಯನ್ನು ತಾನೇ ಕಳಿಸುತ್ತದೆ. ನೂರಕ್ಕೆ ಇಪ್ಪತ್ತು ಎಂದರೆ ನಮ್ಮ ಅಡತಿಯವರೂ ಹುಬ್ಬೇರಿಸುವ ದರ. ಆದರೂ ಎರಡರಲ್ಲಿಯೂ ಒಂದು ಗುಣ ಸಮಾನ. ಕೊಂಡವರ ಹಣವನ್ನು ತಾಣವು ತನ್ನ ಬಳಿ ತಡೆಹಿಡಿದು, ಗಂಟು ತಲುಪಿ, ಬರೆದಂತೆಯೇ ವಸ್ತು ಇದೆಯೆಂದು ಖಾತ್ರಿಯಾದ ಮೇಲೆ, ಇಲ್ಲವೇ ತಕರಾರಿಗೆಂದು ಇಟ್ಟ ಎರಡು ಮೂರು ದಿನ ಕಳೆದ ಮೇಲೆ, ಮಾರಿದವರಿಗೆ ಬಿಡುತ್ತದೆ. ಪಾಶ್‌ಮಾರ್ಕ್ ಭಾರತಕ್ಕೆ ಬಂದದ್ದು 2021ರಲ್ಲಿ, ಬಾಗಿಲು ಹಾಕಿದ್ದು 2023ರಲ್ಲಿ. ಆ ಅನುಕೂಲ ನಮ್ಮ ಹುಡುಗಿಯರಿಗೆ ದೊರೆತದ್ದು ಎರಡು ವರ್ಷ ಮಾತ್ರ.

ಮೂರನೆಯದು ಇನ್‌ಸ್ಟಾಗ್ರಾಮಿನ ಪುಟಗಳು. ಇವು ಪೇಟೆಯಲ್ಲ, ಅಂಗಡಿ. ಹಳೆಯದನ್ನು ಕೊಂಡು, ಒಗೆದು, ಇಸ್ತ್ರಿ ಮಾಡಿ, ಒಳ್ಳೆಯ ಬೆಳಕಿನಲ್ಲಿ ಚಿತ್ರ ತೆಗೆದು ಮಾರುವ ಶ್ರಮ ಅವರದು. ಹಣ ಮೊದಲೇ ಕಳಿಸಬೇಕು, ನಡುವೆ ತಡೆಹಿಡಿಯುವವರು ಯಾರೂ ಇಲ್ಲ, ನಂಬಿಕೆಯೇ ಆಧಾರ. 400ಕ್ಕೆ ಕೊಂಡು 2,600ಕ್ಕೆ ಮಾರಿದವಳನ್ನು ನಾನು ಮೋಸಗಾರ್ತಿ ಎನ್ನಲಾರೆ. ಅವಳು ಸೀರೆಯ ಜೊತೆಗೆ ಸೀರೆಯ ಮಾತನ್ನೂ ಮಾರಿದಳು. ನಮ್ಮ ಹುಡುಗಿ ಮಾತನ್ನು ಮನೆಯಲ್ಲಿಯೇ ಬಿಟ್ಟು ಸೀರೆಯನ್ನು ಮಾತ್ರ ಕಳಿಸಿದ್ದಳು.

ಯಾಕೆ ಬಿಟ್ಟಳು? ಆ ಫಾರಮುಗಳನ್ನು ತೆರೆದು ನೋಡಿರಿ. ಫೇಸ್‌ಬುಕ್ಕಿನಲ್ಲಿ ವಸ್ತುವಿನ ಸ್ಥಿತಿಗೆ ನಾಲ್ಕೇ ಆಯ್ಕೆಗಳು: ಹೊಸದು, ಹೊಸದರಂತಿದೆ, ಚೆನ್ನಾಗಿದೆ, ಪರವಾಗಿಲ್ಲ. ವಿಂಟೆಡ್‌ನಲ್ಲಿ ಐದು. ಇವುಗಳ ಕೆಳಗೆ ವಿವರಕ್ಕೆಂದು ಖಾಲಿ ಚೌಕವೂ ಇರುತ್ತದೆ, ಅದರಲ್ಲಿ ಕನ್ನಡದಲ್ಲಿಯೂ ಬರೆಯಬಹುದು. ಆದರೆ ಪಟ್ಟಿಯಲ್ಲಿ ಬೆರಳೊತ್ತಿದ ಕೂಡಲೇ ಹೇಳಬೇಕಾದದ್ದು ಮುಗಿಯಿತೆಂಬ ಭ್ರಮೆ ಹುಟ್ಟುತ್ತದೆ. ಚೌಕ ಖಾಲಿ ಉಳಿಯುತ್ತದೆ. ನಮ್ಮ ಅವ್ವಂದಿರಿಗೆ ‘ಚೆನ್ನಾಗಿದೆ’ ಎಂಬುದು ಬಟ್ಟೆಯ ಸ್ಥಿತಿಯೇ ಆಗಿರಲಿಲ್ಲ. ಮಾಸಿದ್ದು ಬೇರೆ, ಬಣ್ಣ ಬಿಟ್ಟದ್ದು ಬೇರೆ. ಹೊಲಿಗೆ ಪಿಸಿದದ್ದು ಬೇರೆ, ಮಡಿಕೆಯಲ್ಲಿ ಸೀಳಿದ್ದು ಬೇರೆ, ತೇಪೆ ಹಚ್ಚಿದ್ದು ಬೇರೆ. ಒಂದೊಂದಕ್ಕೂ ಬೆಲೆಯಲ್ಲಿ ಒಂದೊಂದು ಕಡಿತ. ಸೀರೆಯ ಅಂಗಾಂಗಗಳಿಗೂ ಹೆಸರುಗಳಿದ್ದವು. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ರೇಷ್ಮೆಯ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕೋಟೆಯ ಸಾಲಿನಂತೆ ಕಾಣುವುದು ಟೋಪ, ಜೋಳದ ತೆನೆಯಂತೆ ಕಾಣುವುದು ತೆನಿ. ದಡಿಯಲ್ಲಿ ಗೋಮಿ, ಪರಾಸಪೇಟ, ಗಾಡಿ ಎಂಬ ಬಗೆಗಳು. ಕಸೂತಿ ಇದ್ದರೆ ಅದು ಗಾವಂತಿಯೋ ಮುರಗಿಯೋ ನೇಯ್ಗೆಯೋ ಮೆಂತ್ಯೆಯೋ ಎಂದು ಹೇಳಬೇಕು.

ಇವೆಲ್ಲ ಜಾನಪದದ ಪತ್ರಿಕೆಯಲ್ಲಿ ಎರಡು ಅಂಕದ ಟಿಪ್ಪಣಿಗೆಂದು ನೀವು ಬಾಯಿಪಾಠ ಮಾಡುವ ಶಬ್ದಗಳು. ಮಾರುಕಟ್ಟೆಯಲ್ಲಿ ಇವುಗಳಿಗೆ 2,200 ರೂಪಾಯಿ ಬೆಲೆಯಿದೆ ಎಂದು ನಿಮ್ಮ ಗೆಳತಿಗೆ ಪರೀಕ್ಷೆಯ ಹೊರಗೆ ತಿಳಿಯಿತು. ಕಲಿಸಿದವಳು ನಾನೇ ಆದ್ದರಿಂದ ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಶಬ್ದವನ್ನು ಅರ್ಥಕೋಶದಿಂದ ಕಲಿಸಿದೆ, ಟ್ರಂಕಿನಿಂದ ಕಲಿಸಲಿಲ್ಲ.

ಗಡಿಯವರಾದ ನಮಗೆ ಇನ್ನೊಂದು ಅನುಕೂಲವಿದೆ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನೇಯ್ದ ಈ ಸೀರೆಯನ್ನು ಮರಾಠಿಯವರು ಇರಕಲ್ ಎನ್ನುತ್ತಾರೆ. ಪುಣೆಯವಳು ಮೊಬೈಲಿನಲ್ಲಿ ‘ಇರಕಲ್’ ಎಂದೂ ಧಾರವಾಡದವಳು ‘ಇಳಕಲ್’ ಎಂದೂ ಹುಡುಕುತ್ತಾಳೆ. ಒಂದೇ ಹೆಸರು ಬರೆದವರ ಸೀರೆ ಇನ್ನೊಂದು ಕಡೆಯವರ ಕಣ್ಣಿಗೆ ಬೀಳದೆ ಹೋಗಬಹುದು. ಎರಡೂ ಹೆಸರನ್ನು ಬಲ್ಲವರು ನಾವು. ಕನ್ನಡ, ದೇವನಾಗರಿ, ಇಂಗ್ಲಿಷ್ ಮೂರೂ ಲಿಪಿಗಳಲ್ಲಿ ಬರೆಯಬೇಕು.

ಪುಸ್ತಕದ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹತ್ತಿರದವರಿಗೆ ಮಾತ್ರ ತೋರಿಸುವ ಪೇಟೆಯಲ್ಲಿ ಕನ್ನಡದ ಪುಸ್ತಕ ಇಟ್ಟರೆ ಅದು ಕನ್ನಡ ಓದದ ನೆರೆಯವರಿಗೇ ಹೆಚ್ಚಾಗಿ ಕಾಣುತ್ತದೆ. ಓದುವವರು ವಿಜಯಪುರದಲ್ಲಿಯೋ ಕಲಬುರಗಿಯಲ್ಲಿಯೋ ಇರುತ್ತಾರೆ. ತಿಂಗಳು ಕಾದು ಬೇಸತ್ತು ರದ್ದಿಯವನಿಗೆ ಕಿಲೋ ಲೆಕ್ಕದಲ್ಲಿ ಹಾಕಿದ ಕಾದಂಬರಿಗಳನ್ನು ನಾನು ಕಂಡಿದ್ದೇನೆ. ಪಠ್ಯಪುಸ್ತಕಗಳನ್ನು ಮಾರಲು ಎಲ್ಲಿಗೂ ಹೋಗಬೇಡಿರಿ, ಮುಂದಿನ ವರ್ಷದವರು ಪಕ್ಕದ ಕೋಣೆಯಲ್ಲಿಯೇ ಇದ್ದಾರೆ.

ಹಾಗಾದರೆ ಸೀರೆಯನ್ನು ಎಲ್ಲಿ ಮಾರಬೇಕು? ನನ್ನ ಅಭಿಪ್ರಾಯ ಇಷ್ಟು. ಹಣವನ್ನು ನಡುವೆ ತಡೆಹಿಡಿಯುವ ತಾಣ ಕೈಗೆ ಸಿಕ್ಕರೆ, ಕಮಿಷನ್ ಹೆಚ್ಚಾದರೂ ಅದೇ ಲೇಸು. ಇಲ್ಲದಿದ್ದರೆ ಪರಿಚಯದವರ ವಾಟ್ಸ್ಯಾಪ್ ಬಳಗವೇ ಅಪರಿಚಿತರ ಪೇಟೆಗಿಂತ ಮೇಲು. ಅಲ್ಲಿ ಸುಳ್ಳು ಹೇಳಿದವರು ಮರುದಿನ ಎದುರಿಗೆ ಸಿಗುತ್ತಾರೆ. ಮಾರಿ ಬೇಗ ಕೈತೊಳೆದುಕೊಳ್ಳಬೇಕೆಂದಿದ್ದರೆ ಇನ್‌ಸ್ಟಾಗ್ರಾಮಿನ ಅಂಗಡಿಯವರಿಗೇ ಕೊಡಿರಿ, ಆದರೆ ನಿಮ್ಮಲ್ಲಿರುವುದು ಏನೆಂದು ಹೇಳಿ ಕೊಡಿರಿ. ಮತ್ತು ಮೊದಲ ಬೆಲೆಯನ್ನು ನೀವೇ ನುಡಿಯಬೇಡಿರಿ. ಇದನ್ನು ನಾನು ಬೋಹಾರೀಣಳಿಂದ ಕಲಿತೆ.

ಆ ಹುಡುಗಿಯ ಟ್ರಂಕಿನಲ್ಲಿ ಇನ್ನೂ ಒಂದು ಸೀರೆಯಿದೆ. ಕಳೆದ ವಾರ ಅದರ ವಿವರವನ್ನು ಬರೆದು ತಂದಿದ್ದಳು, ಹದಿನಾಲ್ಕು ಸಾಲು, ಕನ್ನಡದಲ್ಲಿ. ಕಪ್ಪು ಚಂದ್ರಕಾಳಿ ಒಡಲು, ಕೆಂಪು ಸೆರಗು, ಕೊಂಡಿ ಬಿಗಿಯಾಗಿದೆ, ನೆರಿಗೆಯ ಕಡೆ ಒಂದು ಬೆರಳಿನಷ್ಟು ಸೀಳಿದೆ, ಅಜ್ಜಿಯೇ ಅದೇ ಬಣ್ಣದ ನೂಲಿನಿಂದ ಹೊಲಿದಿದ್ದಾಳೆ ಎಂದೆಲ್ಲ ಇತ್ತು. ಎರಡು ಕಾಗುಣಿತ ತಿದ್ದಿ ಕೊಟ್ಟೆ. ಬೆಲೆಯ ಜಾಗ ಖಾಲಿಯಿತ್ತು. ಏನು ಬರೆಯುತ್ತೀ ಎಂದು ಕೇಳಿದೆ. ‘ಇನ್ನ ವಿಚಾರ ಮಾಡಾಕತ್ತೀನ್ರಿ ಮ್ಯಾಡಮ್, ಬರದ ಮ್ಯಾಲ ಮಾರೂ ಮನಸು ಆಗವಲ್ದು’ ಎಂದಳು.